ಗೀಸರ್ ವಾಲ್ವ್ ಸೋರುತ್ತದೆ ಅಂತ ಅದರ ಬಾಯಿ ಮುಚ್ಚಬಹುದಾ?

ಪ್ರಶ್ನೆ: ನಮ್ಮ ಮನೆ ವಿಜಯಪುರದ ಸೋಲಾಪುರ ರಸ್ತೆ ಕಡೆ ಇದೆ. ಬಚ್ಚಲಿನಲ್ಲಿ 25 ಲೀಟರಿನ ಗೀಸರ್ ಇದೆ, ಆರೇಳು ವರ್ಷ ಹಳೆಯದು. ಅದರ ಕೆಳಗಿನ ಹಿತ್ತಾಳೆ ವಾಲ್ವ್‌ನಿಂದ ದಿನಾ ಬೆಳಿಗ್ಗೆ ನೀರು ತೊಟ್ಟಿಕ್ಕುತ್ತಿತ್ತು. ನೀರು ಸುಮ್ನೆ ಹಾಳಾಗುತ್ತದಲ್ಲ ಅಂತ ಪ್ಲಂಬರ್‌ನ ಕರೆಸಿದೆವು. ಅವರು ಆ ತೂತಿಗೆ ಎಂ-ಸೀಲ್ ಮೆತ್ತಿ ಹೋದರು. ಈಗ ಒಂದು ಹನಿಯೂ ಬರುವುದಿಲ್ಲ. ಆದರೆ ಬೆಳಗಾವಿಯಿಂದ ಬಂದ ನನ್ನ ತಮ್ಮ ಅದನ್ನು ನೋಡಿ, "ಅಕ್ಕಾ, ಇದು ಬಾಂಬ್ ಆತು ನೋಡು" ಅಂದ. ಇಷ್ಟಕ್ಕೆಲ್ಲ ಹೆದರಬೇಕಾ? ಹೊಸ ಮನೆಯನ್ನೂ ಕಟ್ಟಿಸುತ್ತಿದ್ದೇವೆ. ಮಾಳಿಗೆ ಮೇಲೆ ಸೋಲಾರ್ ಹಾಕಿಸಿ, ಶವರಿಗೆ ಪ್ರೆಷರ್ ಪಂಪ್ ಕೂಡಿಸುವ ಆಸೆ. ಇದಕ್ಕೆಲ್ಲ ಸರಕಾರದ ನಿಯಮ ಅಂತ ಏನಾದರೂ ಇದೆಯಾ?

ಉತ್ತರ: ಮೊದಲು ಎದ್ದು ಹೋಗಿ ಗೀಸರಿನ ಸ್ವಿಚ್ ಆರಿಸಿ ಬನ್ನಿ. ಉಳಿದದ್ದನ್ನು ಆಮೇಲೆ ಓದೋಣ. ಆ ವಾಲ್ವ್ ಬದಲಿಸುವ ತನಕ ಸ್ನಾನದ ನೀರು ಒಲೆ ಮೇಲೆ ಕಾಯಲಿ.

ನಿಮ್ಮ ತಮ್ಮ ಹೇಳಿದ್ದು ಮುಕ್ಕಾಲು ಪಾಲು ಸರಿ. ಇವತ್ತೇ ಸಿಡಿಯುತ್ತದೆ ಅಂತೇನಿಲ್ಲ. ಗೀಸರಿನೊಳಗೆ ಇನ್ನೂ ಎರಡು ಮೂರು ಕಾವಲು ಇವೆ. ಆದರೆ ಹೊರಗಡೆ ಇದ್ದ, ಕಣ್ಣಿಗೆ ಕಾಣುತ್ತಿದ್ದ ಒಂದೇ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದ್ದಾರೆ. ಒಳಗಿನವರ ಗತಿ ಏನು ಅಂತ ಯಾರೂ ನೋಡಿಲ್ಲ. ಅವರಿಗೂ ಆರೇಳು ವರ್ಷ ವಯಸ್ಸಾಗಿದೆ.

ಆ ಹನಿ ಯಾಕೆ ಬೀಳುತ್ತಿತ್ತು ಅನ್ನೋದನ್ನು ಮೊದಲು ನೋಡೋಣ. ನಮ್ಮ ಅಜ್ಜಿಯರ ಕಾಲದಲ್ಲಿ ತಾಮ್ರದ ಬಂಬ ಇತ್ತಲ್ವಾ? ನಡುವೆ ಕೆಂಡದ ಕೊಳವೆ, ಸುತ್ತ ನೀರು, ಮೇಲೆ ಸುಮ್ನೆ ಇಟ್ಟ ಮುಚ್ಚಳ. ನೀರು ಕುದ್ದರೆ ಮುಚ್ಚಳ ಕುಣಿಯುತ್ತಿತ್ತು, ಹಬೆ ಹೊರಗೆ ಹೋಗುತ್ತಿತ್ತು. ಅದಕ್ಕೆ ವಾಲ್ವ್ ಬೇಕಿರಲಿಲ್ಲ. ಬಾಯಿ ತೆರೆದೇ ಇರುತ್ತಿತ್ತು. ಗೀಸರ್ ಹಾಗಲ್ಲ. ಅದು ಎಲ್ಲ ಕಡೆ ಬೆಸುಗೆ ಹಾಕಿದ ಡಬ್ಬಿ. ತಣ್ಣೀರು ಒಳಗೆ ಬರುವ ಕಡೆ ಒಂದು ನಾನ್ ರಿಟರ್ನ್ ವಾಲ್ವ್ ಇರುತ್ತದೆ. ಒಳಗೆ ಹೋದ ನೀರು ಹಿಂದಕ್ಕೆ ಬರಲಾರದು. ಬಿಸಿನೀರಿನ ನಳ ಬಂದ್ ಇದ್ದರೆ ಆ ಕಡೆಯೂ ದಾರಿ ಇಲ್ಲ.

ನೀರು ಬಿಸಿಯಾದರೆ ಹಿಗ್ಗುತ್ತದೆ. 20 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ನೂರಕ್ಕೆ ಒಂದೂವರೆ ಪಾಲು ಜಾಸ್ತಿ ಜಾಗ ಬೇಕು. 25 ಲೀಟರಿಗೆ ಲೆಕ್ಕ ಹಾಕಿದರೆ ಸುಮಾರು 375 ಮಿಲಿಲೀಟರ್, ಅಂದರೆ ಒಂದೂವರೆ ಲೋಟ. ನೀರನ್ನು ಗಾಳಿಯ ಹಾಗೆ ಒತ್ತಿ ಕೂರಿಸಲು ಆಗುವುದಿಲ್ಲ. ಹೊರಗೆ ಹೋಗಲು ದಾರಿ ಸಿಗದಿದ್ದರೆ ಒಳಗಿನ ಒತ್ತಡ ಸರಸರನೆ ಏರುತ್ತದೆ. ಆಗ ನಿಮ್ಮ ಆ ಹಿತ್ತಾಳೆ ವಾಲ್ವ್‌ನೊಳಗಿನ ಸ್ಪ್ರಿಂಗ್ ಸ್ವಲ್ಪ ಸರಿದು, ಆ ಒಂದೂವರೆ ಲೋಟವನ್ನು ಹನಿ ಹನಿಯಾಗಿ ಹೊರಗೆ ಬಿಡುತ್ತದೆ. ನೀವು ಬೆಳಿಗ್ಗೆ ನೋಡುತ್ತಿದ್ದದ್ದು ಇದನ್ನೇ. ನೀರು ಕಾಯುವ ಹೊತ್ತಿನಲ್ಲಿ ಮಾತ್ರ ಹನಿ ಬಿದ್ದು, ಆಮೇಲೆ ನಿಲ್ಲುತ್ತಿದ್ದರೆ ಅದು ಸೋರಿಕೆ ಅಲ್ಲ, ವಾಲ್ವ್ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ.

ಹೊಸ ವಾಲ್ವ್ ಹಾಕಿದ ಮೇಲೆ ನೀವೇ ಪರೀಕ್ಷೆ ಮಾಡಿ. ಕೆಳಗೆ ಒಂದು ತಂಬಿಗೆ ಇಡಿ. ಗೀಸರ್ ಹಚ್ಚಿ, ನಳ ಬಿಡದೆ ಪೂರ್ತಿ ಕಾಯಲು ಬಿಡಿ. ಒಂದೆರಡು ಲೋಟ, ಇಲ್ಲವೇ ಅದಕ್ಕಿಂತ ಕಡಿಮೆ ನೀರು ಬಿದ್ದು ನಿಂತರೆ ಎಲ್ಲ ಸರಿ ಇದೆ. ಗೀಸರ್ ಆರಿಸಿ, ನೀರು ತಣ್ಣಗಾದ ಮೇಲೂ ಹನಿ ಬೀಳುತ್ತಲೇ ಇದ್ದರೆ ಎರಡರಲ್ಲಿ ಒಂದು ಕಾರಣ. ವಾಲ್ವ್‌ನ ಸೀಟಿನ ಮೇಲೆ ಸುಣ್ಣದ ಚೂರೋ ಮರಳೋ ಕೂತಿರಬಹುದು. ಇಲ್ಲವೇ ಒಳಗೆ ಬರುವ ನೀರಿನ ಒತ್ತಡವೇ ಜಾಸ್ತಿ ಇರಬಹುದು. ಮೂರನೆಯದು ಅಪಾಯದ ಗುರುತು: ಹನಿಯ ಬದಲು ಧಾರೆ ಬರುವುದು, ಅದರ ಜೊತೆ ಹಬೆ ಕಾಣುವುದು. ಈ ವಾಲ್ವ್ ತಣ್ಣೀರಿನ ಬಾಯಿಯಲ್ಲಿ ಕೂತಿರುವುದರಿಂದ ಅದರಿಂದ ಬೀಳುವ ನೀರು ತಣ್ಣಗೆ, ಹೆಚ್ಚೆಂದರೆ ಉಗುರುಬೆಚ್ಚಗೆ ಇರಬೇಕು. ಸುಡುವ ನೀರು ಬಂತೋ, ಬಿಸಿ ನೋಡಿ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಕೆಟ್ಟಿದೆ. ಕೈ ಹಚ್ಚಬೇಡಿ. ಮೇನ್ ಸ್ವಿಚ್ ಆರಿಸಿ ಬಚ್ಚಲಿನಿಂದ ಹೊರಗೆ ಬನ್ನಿ.

ಈಗ ಒಳಗಿನ ಕಾವಲುಗಾರರ ವಿಷಯ. ಮೊದಲನೆಯವನು ಥರ್ಮೋಸ್ಟಾಟ್. ನೀವು ತಿರುಗಿಸಿ ಇಟ್ಟ ಬಿಸಿಗೆ ಬಂದಾಗ ಕರೆಂಟ್ ಕಡಿಯುತ್ತಾನೆ. ಎರಡನೆಯವನು ಥರ್ಮಲ್ ಕಟ್‌ಔಟ್. ಥರ್ಮೋಸ್ಟಾಟ್ ಅಂಟಿಕೊಂಡು ನೀರು ಕುದಿಯುವ ಹತ್ತಿರ ಬಂದರೆ ಕರೆಂಟ್ ಕಡಿಯುವವನು ಇವನು. ಬಹಳಷ್ಟು ಗೀಸರುಗಳಲ್ಲಿ ಮೂರನೆಯದೊಂದು ಇರುತ್ತದೆ, ಫ್ಯೂಸಿಬಲ್ ಪ್ಲಗ್. ಹಿತ್ತಾಳೆಯ ಬಿರಡೆ, ನಡುವೆ ಬೇಗ ಕರಗುವ ಮಿಶ್ರಲೋಹ. ಕುದಿಯುವ ಬಿಸಿ ತಾಗಿದರೆ ಅದು ಕರಗಿ, ನೀರು ಹೊರಗೆ ಸುರಿದುಹೋಗುತ್ತದೆ. ನಾಲ್ಕನೆಯದು ನಿಮ್ಮ ಎಂ-ಸೀಲ್ ಮೆತ್ತಿದ ವಾಲ್ವ್.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಬಹಳ ಜನ ಪ್ಲಂಬರುಗಳಿಗೂ ಇದು ಗೊತ್ತಿರುವುದಿಲ್ಲ. ನಮ್ಮಲ್ಲಿ ಗೀಸರಿಗೆ ಹಾಕುವ ವಾಲ್ವ್ ನೋಡುವುದು ಒತ್ತಡವನ್ನು ಮಾತ್ರ. ಬಿಸಿ ಎಷ್ಟಾಗಿದೆ ಅನ್ನೋದು ಅದಕ್ಕೆ ತಿಳಿಯುವುದಿಲ್ಲ. ಅಮೆರಿಕದಲ್ಲಿ ಎರಡನ್ನೂ ಒಂದೇ ವಾಲ್ವ್ ನೋಡಿಕೊಳ್ಳುತ್ತದೆ. ಅಲ್ಲಿನ ಮನೆಯ ಹೀಟರಿನ ವಾಲ್ವ್ ಸಾಮಾನ್ಯವಾಗಿ ನೀರು 99 ಡಿಗ್ರಿ ಮುಟ್ಟಿದರೂ ತೆರೆಯುತ್ತದೆ, ಒತ್ತಡ 10 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ದಾಟಿದರೂ ತೆರೆಯುತ್ತದೆ. ಅದರ ಕೊಳವೆ ನೆಲದ ಹತ್ತಿರಕ್ಕೆ ಇಳಿದಿರಬೇಕು, ನಡುವೆ ಯಾವ ಕಾಕ್ ಇರಬಾರದು, ತುದಿಗೆ ಮರೆ (ತಿರುಪಿನ ಗೆರೆ) ಕೂಡ ಇರಬಾರದು ಅನ್ನುತ್ತದೆ ಅಲ್ಲಿನ ಪ್ಲಂಬಿಂಗ್ ಕೋಡ್. ಮರೆ ಯಾಕೆ ಬೇಡ? ಮರೆ ಇದ್ದರೆ ಯಾರಾದರೂ ಕ್ಯಾಪ್ ತಿರುಗಿಸಿಬಿಡುತ್ತಾರೆ ಅಂತ! ನಿಮ್ಮ ಪ್ಲಂಬರ್ ಅಂಥವರು ಎಲ್ಲ ದೇಶದಲ್ಲೂ ಇದ್ದಾರೆ ಅಂತಾಯಿತು.

ನಮ್ಮಲ್ಲಿ ಬಿಸಿಯನ್ನು ನೋಡಿಕೊಳ್ಳುವುದು ಥರ್ಮೋಸ್ಟಾಟ್, ಕಟ್‌ಔಟ್ ಮತ್ತು ಆ ಬಿರಡೆ. ಹೀಗಾಗಿ ಬಿರಡೆ ಕರಗಿದಾಗ ಅದರ ಜಾಗಕ್ಕೆ ಸಾದಾ ಬೋಲ್ಟ್ ಹಾಕುವುದು ಎಂ-ಸೀಲ್ ಮೆತ್ತಿದಷ್ಟೇ ತಪ್ಪು. ಒಂದು ಲಾಡ್ಜಿನಲ್ಲಿ ಗೀಸರ್ ಬಿಚ್ಚಿದಾಗ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಬಿರಡೆ ಇರಬೇಕಾದ ಕಡೆ ಬೋಲ್ಟ್. ಕಟ್‌ಔಟ್‌ಗೆ ತಂತಿಯಿಂದ ಅಡ್ಡದಾರಿ. ವಾಲ್ವ್ ಸುಣ್ಣ ಕಟ್ಟಿ ಕಲ್ಲಾಗಿತ್ತು. ಥರ್ಮೋಸ್ಟಾಟ್ ಒಂದೇ ಒಂದು ಸರಿಯಾಗಿತ್ತು. ಅದರ ದಯೆಯಿಂದ ಅಷ್ಟೂ ಜನ ಸ್ನಾನ ಮಾಡಿ ಸುಖವಾಗಿ ಊರಿಗೆ ಹೋಗಿದ್ದರು.

ಥರ್ಮೋಸ್ಟಾಟ್ ಅಂಟಿಕೊಂಡರೆ ಎಷ್ಟು ಹೊತ್ತು ಸಿಗುತ್ತದೆ ಗೊತ್ತಾ? 2 ಕಿಲೋವ್ಯಾಟ್ ಕಾಯಿಲ್ 25 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ತರಲು ಸುಮಾರು 35 ನಿಮಿಷ ಬೇಕು. 60ರಿಂದ 100 ಡಿಗ್ರಿಗೆ ಮತ್ತೆ 35 ನಿಮಿಷ. ಸ್ವಿಚ್ ಹಾಕಿ, ಫೋನ್ ಬಂತು ಅಂತ ಮಾತಿಗೆ ಕೂತರೆ ಮುಗಿಯಿತು. ಡಬ್ಬಿ ಬಿಗಿಯಾಗಿದ್ದರೆ ನೀರು 100ಕ್ಕೆ ಕುದಿಯುವುದೂ ಇಲ್ಲ. ಕುಕ್ಕರಿನ ಹಾಗೆ ಇನ್ನೂ ಮೇಲೇರುತ್ತದೆ. 150 ಡಿಗ್ರಿಗೆ ಏರಿದಾಗ ಟ್ಯಾಂಕ್ ಬಿರಿಯಿತು ಅಂತ ಇಟ್ಟುಕೊಳ್ಳಿ. ಹೊರಗಿನ ಗಾಳಿಗೆ ಬಂದ ಕ್ಷಣವೇ ಆ ನೀರಿನಲ್ಲಿ ಹತ್ತನೇ ಒಂದು ಪಾಲಿನ ಹತ್ತಿರ ಹಬೆಯಾಗುತ್ತದೆ. 25 ಲೀಟರಿಗೆ ಹೆಚ್ಚುಕಡಿಮೆ 4,000 ಲೀಟರ್ ಹಬೆ. ಐದು ಅಡಿಗೆ ಏಳು ಅಡಿಯ ಬಚ್ಚಲು ಕಣ್ಣು ಮಿಟುಕಿಸುವಷ್ಟರಲ್ಲಿ ಅರ್ಧ ತುಂಬುತ್ತದೆ. ಬಾಗಿಲು ಹಾರಿ ಬೀಳುವುದು ಅದಕ್ಕೇ.

ಒತ್ತಡದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಪ್ರೆಷರ್ ಪಂಪಿನ ಮಾತಿಗೆ ಬೇಕಾಗುತ್ತದೆ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಗೋಲಗುಮ್ಮಟದ ಎತ್ತರ ಸುಮಾರು 51 ಮೀಟರ್. ಅದರ ತುದಿಯಿಂದ ನೆಲದ ತನಕ ಒಂದು ನೀರಿನ ಕೊಳವೆ ಇಳಿಬಿಟ್ಟರೆ ಕೆಳಗೆ 5 ಬಾರ್. ನಿಮ್ಮ ಮಾಳಿಗೆ ಟಾಕಿಯಿಂದ ಗೀಸರಿಗೆ ಸಿಗುವುದು ಅರ್ಧ ಬಾರ್ ಇರಬಹುದು. ಗೀಸರಿನ ಮೈಮೇಲೆ ಅಂಟಿಸಿದ ಚೀಟಿ ನೋಡಿ. ಎಷ್ಟೋ ಗೀಸರುಗಳಲ್ಲಿ 8 ಬಾರ್, ಇಲ್ಲವೇ 0.8 ಮೆಗಾಪಾಸ್ಕಲ್ ಅಂತ ಇರುತ್ತದೆ. ಎರಡೂ ಒಂದೇ. ಟ್ಯಾಂಕಿನ ತಳ 35 ಸೆಂಟಿಮೀಟರ್ ಅಗಲ ಇದ್ದರೆ, 8 ಬಾರ್‌ನಲ್ಲಿ ಅದರ ಮೇಲೆ ಬೀಳುವ ಭಾರ ಏಳೂಮುಕ್ಕಾಲು ಟನ್. ಆ ತಳವನ್ನು ಹಿಡಿದು ನಿಲ್ಲಿಸಿರುವುದು ಒಂದು ಬೆಸುಗೆ ಗೆರೆ. ಹೀಗಾಗಿ ವಾಲ್ವ್ ತರುವಾಗ ಅದರ ಮೇಲೆ ಬರೆದ ಅಂಕಿ ಗೀಸರಿನ ಅಂಕಿಗಿಂತ ಜಾಸ್ತಿ ಇರಬಾರದು. ಅಂಗಡಿಯವರು "ಎಲ್ಲಾ ಒಂದೇ ರೀ" ಅನ್ನುತ್ತಾರೆ. ಒಂದೇ ಅಲ್ಲ. ಆದಷ್ಟು ನಿಮ್ಮ ಗೀಸರ್ ಕಂಪನಿಯದೇ ವಾಲ್ವ್ ಹಾಕಿಸಿ. ಕೆಲವು ನೂರು ರೂಪಾಯಿಯ ವಸ್ತು.

ಒತ್ತಡವನ್ನು ಬಿಡಿಸುವ ವಿದ್ಯೆ ವಿಜಯಪುರಕ್ಕೆ ಹೊಸದೇನಲ್ಲ. 1651ರಲ್ಲಿ ಮಹಮ್ಮದ್ ಆದಿಲ್‌ಶಾಹಿ ಬೇಗಂ ತಲಾಬ್ ಕಟ್ಟಿಸಿ, ಅಲ್ಲಿಂದ ಊರಿಗೆ ಮಣ್ಣಿನ ಕೊಳವೆಯಲ್ಲಿ ನೀರು ತರಿಸಿದ. ಸುಟ್ಟ ಮಣ್ಣಿನ ಕೊಳವೆ ಒತ್ತಡ ತಡೆಯುವುದಿಲ್ಲ. ಅದಕ್ಕೇ ದಾರಿಯುದ್ದಕ್ಕೂ ಗಂಜ್ ಅನ್ನುವ ನೀರಿನ ಗೋಪುರ ಕಟ್ಟಿದರು, 25ರಿಂದ 40 ಅಡಿ ಎತ್ತರದವು. ಕೊಳವೆಯ ನೀರು ಗೋಪುರದೊಳಗೆ ಏರಿ, ಒತ್ತಡ ಕಳೆದುಕೊಂಡು, ಕೆಸರು ಇಳಿಸಿ ಮುಂದೆ ಹೋಗುತ್ತಿತ್ತು. ಅವುಗಳಲ್ಲಿ ಕೆಲವು ಊರೊಳಗೆ ಇನ್ನೂ ನಿಂತಿವೆ. ಮುಂದಿನ ಸಲ ಹಾದು ಹೋಗುವಾಗ ಒಮ್ಮೆ ತಲೆ ಎತ್ತಿ ನೋಡಿ. ನಿಮ್ಮ ಗೀಸರಿನ ಕೆಳಗಿದ್ದ ಹೆಬ್ಬೆರಳು ಗಾತ್ರದ ಹಿತ್ತಾಳೆ ತುಂಡು ಮಾಡುತ್ತಿದ್ದ ಕೆಲಸಕ್ಕೆ ಆಗ ಅಷ್ಟು ಕಲ್ಲು ಬೇಕಾಗಿತ್ತು.

ಇನ್ನು ನಿಯಮದ ಮಾತು. ಇದೆ. ಕರೆಂಟಿನ ಸ್ಟೋರೇಜ್ ಗೀಸರಿಗೆ ಐಎಸ್ 2082 ಅನ್ನುವ ಮಾನಕ ಇದೆ. ಐಎಸ್ಐ ಗುರುತಿಲ್ಲದ ಗೀಸರನ್ನು ಮಾರುವ ಹಾಗೇ ಇಲ್ಲ. ಮನೆಯ ಕೊಳಾಯಿ ಕೆಲಸಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಇದೆ. ಪ್ಲಂಬಿಂಗ್ ವಿಷಯ ಅದರ ಒಂಬತ್ತನೇ ಭಾಗದಲ್ಲಿದೆ. ಆದರೆ ಆ ಸಂಹಿತೆ ಒಂದು ಮಾದರಿ ಮಾತ್ರ. ಸ್ಥಳೀಯ ಸಂಸ್ಥೆಗಳು ತಮ್ಮ ಕಟ್ಟಡ ನಿಯಮದಲ್ಲಿ ಸೇರಿಸಿಕೊಂಡಷ್ಟಕ್ಕೆ ಕಾನೂನಿನ ಬಲ ಬರುತ್ತದೆ. ನಿಮ್ಮ ಬಚ್ಚಲಿಗೆ ಬಂದು ವಾಲ್ವ್ ನೋಡುವ ಅಧಿಕಾರಿ ಯಾರೂ ಇಲ್ಲ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ನೋಡುವವರು ನೀವೇ ಆಗಬೇಕು.

ಆ ಸಂಹಿತೆಯಲ್ಲಿ ನಮ್ಮ ಕಡೆಯವರಿಗೆ ಬಹಳ ಉಪಯೋಗದ ಒಂದು ಮಾತಿದೆ. ಬಿಸಿನೀರನ್ನು 60 ಡಿಗ್ರಿಯಲ್ಲಿ ಇಡಿ ಅನ್ನುತ್ತದೆ. ಟ್ಯಾಂಕ್ ಚಿಕ್ಕದಿದ್ದು, ನೀರು ಮೆದುವಾಗಿದ್ದರೆ ಮಾತ್ರ 65ರ ತನಕ ಹೋಗಬಹುದು. ಕಾರಣಗಳಲ್ಲಿ ಮೈ ಸುಡುವ ಭಯ ಒಂದು, ಸುಣ್ಣ ಕಟ್ಟುವುದು ಇನ್ನೊಂದು. ವಿಜಯಪುರದ ಬೋರ್ ನೀರಿನ ಗುಣ ನಿಮಗೆ ಹೇಳಬೇಕಿಲ್ಲ. ಸವಳು, ಗಡಸು. ಸಾಬೂನು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಇಂಥ ನೀರು ಹೆಚ್ಚು ಕಾದಷ್ಟೂ ಹೆಚ್ಚು ಸುಣ್ಣ ಉದುರಿಸುತ್ತದೆ. ಅದು ಕಾಯಿಲ್ ಮೇಲೆ ಕಟ್ಟಿದರೆ ನೀರು ತಡವಾಗಿ ಕಾಯುತ್ತದೆ, ಕೊನೆಗೆ ಕಾಯಿಲ್ ಸುಡುತ್ತದೆ. ವಾಲ್ವ್‌ನ ಸ್ಪ್ರಿಂಗ್ ಮೇಲೆ ಕಟ್ಟಿದರೆ ವಾಲ್ವ್ ತೆರೆಯಬೇಕಾದ ಹೊತ್ತಿಗೆ ತೆರೆಯುವುದೇ ಇಲ್ಲ. ಹೊರಗಿನಿಂದ ನೋಡಿದರೆ ಏನೂ ಸೋರದ "ಒಳ್ಳೆ" ವಾಲ್ವ್! ಎಂ-ಸೀಲ್ ಖರ್ಚೂ ಇಲ್ಲದೆ ಅದೇ ಕೆಲಸ ಆಗಿರುತ್ತದೆ.

ಇದಕ್ಕೆ ಔಷಧಿ ಸುಲಭ. ವಾಲ್ವ್‌ಗೆ ಒಂದು ಚಿಕ್ಕ ಹಿಡಿ ಇರುತ್ತದೆ. ತಿಂಗಳಿಗೊಮ್ಮೆ, ಗೀಸರ್ ತಣ್ಣಗಿದ್ದಾಗ, ಅದನ್ನು ಎತ್ತಿ ಬಿಡಿ. ಬುರ್ರನೆ ನೀರು ಬಂದು, ಬಿಟ್ಟ ಕೂಡಲೇ ನಿಲ್ಲಬೇಕು. ಬರದಿದ್ದರೆ ಬದಲಿಸಿ. ಬಂದದ್ದು ನಿಲ್ಲದಿದ್ದರೆ ಎರಡು ಮೂರು ಸಲ ಎತ್ತಿಬಿಟ್ಟು ಕಸ ತೊಳೆದು ನೋಡಿ, ಆಗಲೂ ನಿಲ್ಲದಿದ್ದರೆ ಬದಲಿಸಿ. ನಳದ ಕೃಷ್ಣಾ ನೀರು ಬರುವ ದಿನ ಅದನ್ನು ಬೇರೆ ಟಾಕಿಗೆ ತುಂಬಿ, ಗೀಸರಿಗೆ ಅದನ್ನೇ ಕೊಡಲು ಆದರೆ ಇನ್ನೂ ಒಳ್ಳೆಯದು. ಹೊಸ ಮನೆಯಲ್ಲಿ ಈ ಏರ್ಪಾಡು ಮಾಡಿಸಿಬಿಡಿ. ಆಮೇಲೆ ಗೋಡೆ ಒಡೆಯುವುದು ತಪ್ಪುತ್ತದೆ.

ನಾನ್ ರಿಟರ್ನ್ ವಾಲ್ವ್ ಇರುವುದರಿಂದಲೇ ಇಷ್ಟೆಲ್ಲ ತಾಪತ್ರಯ, ಅದನ್ನೇ ತೆಗೆದರೆ ಹಿಗ್ಗಿದ ನೀರು ಟಾಕಿಗೆ ವಾಪಸ್ ಹೋಗುತ್ತದಲ್ಲ ಅಂತ ಕೆಲವರು ಜಾಣತನ ಮಾಡುತ್ತಾರೆ. ಹೋಗುತ್ತದೆ, ನಿಜ. ಆದರೆ ನಮ್ಮೂರಲ್ಲಿ ಟಾಕಿ ಬರಿದಾಗುವುದು ಹೊಸ ಸಂಗತಿಯಲ್ಲ. ಟಾಕಿ ಖಾಲಿಯಾದಾಗ ಗೀಸರಿನ ನೀರೂ ಕೆಳಗಿನ ಬಾಯಿಯಿಂದ ಇಳಿದುಹೋಗುತ್ತದೆ. ಅದು ಗೊತ್ತಿಲ್ಲದೆ ಸ್ವಿಚ್ ಹಾಕಿದರೆ ಕಾಯಿಲ್ ಒಣಗಿದ ಡಬ್ಬಿಯಲ್ಲಿ ಕೆಂಪಗೆ ಕಾಯುತ್ತದೆ. ಹಾಗಾಗಿ ಅದನ್ನು ತೆಗೆಯಬೇಡಿ.

ಸೋಲಾರಿನ ಕಥೆ ಬೇರೆ, ಆದರೆ ತಪ್ಪು ಅದೇ. ಮನೆಗಳ ಮೇಲೆ ಕಾಣುವ ಬಹುಪಾಲು ಸೋಲಾರ್ ಟ್ಯಾಂಕುಗಳು ಒತ್ತಡ ತಡೆಯುವಂಥವಲ್ಲ. ಒಳಗಿನ ತಗಡು ತೆಳು. ಅವುಗಳ ನೆತ್ತಿಯಿಂದ ಒಂದು ಗಾಳಿ ಪೈಪ್ ಮೇಲಕ್ಕೆ ಹೋಗಿರುತ್ತದೆ. ಅದರ ಬಾಯಿ ತಣ್ಣೀರಿನ ಟಾಕಿಯ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಯಾವಾಗಲೂ ತೆರೆದೇ ಇರಬೇಕು. ಪೈಪ್ ಗಿಡ್ಡವಾಗಿದ್ದರೆ ಟಾಕಿ ತುಂಬಿದಾಗೆಲ್ಲ ಅದರಿಂದ ನೀರು ಚೆಲ್ಲುತ್ತದೆ. ಆಗ ಮನೆಯವರು ಪೈಪನ್ನು ಎತ್ತರ ಮಾಡಿಸುವ ಬದಲು ಬಿರಡೆ ಜಡಿಯುತ್ತಾರೆ. ಏಪ್ರಿಲ್ ಬಿಸಿಲಿಗೆ ಒಳಗೆ ನೀರು ಕುದಿಯುತ್ತದೆ, ಹಬೆಗೆ ದಾರಿ ಇಲ್ಲ, ಟ್ಯಾಂಕ್ ಉಬ್ಬಿ ಬೆಸುಗೆ ಬಿಡುತ್ತದೆ. ಇದರ ಉಲ್ಟಾ ಕೂಡ ಆಗುತ್ತದೆ. ತಣ್ಣೀರಿನ ಟಾಕಿ ಖಾಲಿ, ಗಾಳಿ ಪೈಪ್ ಬಂದ್, ಕೆಳಗೆ ಯಾರೋ ಬಿಸಿನೀರಿನ ನಳ ಬಿಟ್ಟರು. ಒಳಗೆ ಗಾಳಿ ಬರಲು ದಾರಿ ಇಲ್ಲದೆ ಟ್ಯಾಂಕ್ ಹೀರಿಕೊಂಡು, ಕಾಲಲ್ಲಿ ತುಳಿದ ಡಬ್ಬಿಯ ಹಾಗೆ ಅಪ್ಪಚ್ಚಿಯಾಗುತ್ತದೆ. ಬಾಗಲಕೋಟೆಯ ನವನಗರದಲ್ಲಿ ಒಂದು ಮನೆ ಮೇಲೆ ಇಂಥದ್ದನ್ನು ನೋಡಿದೆ. ಮಾಲೀಕರು ಸಿಡಿಲು ಹೊಡೆದಿದೆ ಅಂತ ನಂಬಿದ್ದರು.

ಪ್ರೆಷರ್ ಪಂಪ್ ಬಗ್ಗೆ ಈಗ ನಿಮಗೇ ಅಂದಾಜು ಸಿಕ್ಕಿರಬೇಕು. ಮನೆಯ ಪಂಪುಗಳು ಸಾಮಾನ್ಯವಾಗಿ 2ರಿಂದ 3 ಬಾರ್ ಒತ್ತಡ ಕೊಡುತ್ತವೆ. ಅಂದರೆ 20-30 ಮೀಟರ್ ನೀರು. ಅದನ್ನು ಸಾದಾ ಸೋಲಾರ್ ಟ್ಯಾಂಕಿನ ತಣ್ಣೀರಿನ ಬಾಯಿಗೆ ಕೂಡಿಸಿದರೆ ಗಾಳಿ ಪೈಪಿನಿಂದ ಕಾರಂಜಿ ಏಳುತ್ತದೆ. ಅದನ್ನು ನಿಲ್ಲಿಸಲು ಯಾರೋ ಪೈಪ್ ಮುಚ್ಚುತ್ತಾರೆ. ಮುಂದಿನದು ನಿಮಗೆ ಗೊತ್ತೇ ಇದೆ. ಪಂಪ್ ಬೇಕೇ ಬೇಕು ಅಂದರೆ ಒತ್ತಡ ತಡೆಯುವ ಸೋಲಾರ್ ಟ್ಯಾಂಕನ್ನೇ ಕೇಳಿ ತರಿಸಿ. ಇಲ್ಲವೇ ಸೋಲಾರಿನಿಂದ ಹೊರಗೆ ಬಂದ ಬಿಸಿನೀರಿನ ಲೈನಿಗೆ, ಬಿಸಿನೀರು ತಡೆಯುವ ಬೇರೆ ಪಂಪ್ ಹಾಕಿಸಿ. ಗೀಸರಿಗೆ 3 ಬಾರ್ ಏನೂ ಭಾರವಲ್ಲ. ಬೆಳಗಾವಿಯ ಕೆಲವು ಬಡಾವಣೆಗಳಲ್ಲಿ 24 ತಾಸು ನಳದ ನೀರು ಬರುತ್ತದೆ. ನಿಮ್ಮ ತಮ್ಮನ ಮನೆ ಅಂಥ ಕಡೆ ಇದ್ದು, ಆ ಲೈನನ್ನು ನೇರವಾಗಿ ಗೀಸರಿಗೆ ಕೊಟ್ಟಿದ್ದರೆ, ಒತ್ತಡ ಇಳಿಸುವ ವಾಲ್ವ್ ಒಂದು ಇದೆಯಾ ಅಂತ ಅವರೂ ನೋಡಿಕೊಳ್ಳಲಿ. ಎಲ್ಲರೂ ಮಲಗಿ ನಳ ಬಂದ್ ಆದಾಗ ಲೈನಿನ ಒತ್ತಡ ಏರುತ್ತದೆ.

ಪ್ಲಂಬರ್ ಬಂದಾಗ ಪಕ್ಕದಲ್ಲಿ ನಿಂತು ಮೂರು ಸಂಗತಿ ನೋಡಿ. ವಾಲ್ವ್ ತಣ್ಣೀರಿನ ಬಾಯಿಗೆ, ಅದರ ಮೇಲಿನ ಬಾಣ ಗೀಸರಿನ ಕಡೆಗೆ, ಸೋರುವ ತೂತು ಕೆಳಮುಖವಾಗಿ. ವಾಲ್ವ್‌ಗೂ ಗೀಸರಿಗೂ ನಡುವೆ ಯಾವ ಕಾಕ್ ಇರಬಾರದು. ನೀರು ಬಂದ್ ಮಾಡುವ ಕಾಕ್ ಬೇಕಿದ್ದರೆ ವಾಲ್ವ್‌ಗಿಂತ ಹಿಂದೆ, ಟಾಕಿಯ ಕಡೆ ಇರಲಿ. ಹೊಸ ಮನೆಯಲ್ಲಿ ಬಿಸಿನೀರಿನ ಲೈನಿಗೆ ಸಾದಾ ಪಿವಿಸಿ ಪೈಪ್ ಹಾಕಲು ಬಿಡಬೇಡಿ, ಅದು ಬಿಸಿಗೆ ಮೆದುವಾಗಿ ಜೋತುಬೀಳುತ್ತದೆ. ಸಿಪಿವಿಸಿ ಕೇಳಿ. ಜೊತೆಗೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಸರಿಯಾದ ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಅದು ಬೇರೆಯೇ ಒಂದು ದೊಡ್ಡ ವಿಷಯ.

ಹಳೆಯ ವಾಲ್ವ್‌ನಿಂದ ಎಂ-ಸೀಲ್ ಕೆರೆದು ಮತ್ತೆ ಹಾಕುತ್ತೇನೆ ಅಂದರೆ ಒಪ್ಪಬೇಡಿ, ಚೂರು ಒಳಗೆ ಹೋಗಿರುತ್ತದೆ. ಆರೇಳು ವರ್ಷ ಆಗಿದೆ, ಕಂಪನಿಯವರನ್ನು ಕರೆಸಿ ಥರ್ಮೋಸ್ಟಾಟ್, ಕಟ್‌ಔಟ್, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಒಳಗೆ ಇಟ್ಟಿರುವ ಆನೋಡ್ ಸಲಾಕೆ ಮೂರನ್ನೂ ಒಮ್ಮೆ ನೋಡಿಸಿ. ನೀರು ಹಾಳಾಗುತ್ತದೆ ಅಂದಿರಲ್ಲ, ಹೊಸ ವಾಲ್ವ್‌ನ ತೂತಿಗೆ ಒಂದು ಚಿಕ್ಕ ಪೈಪ್ ಸಡಿಲವಾಗಿ ಸಿಗಿಸಿ ಬಕೆಟ್ಟಿಗೆ ಬಿಡಿ. ದಿನಕ್ಕೆ ಒಂದೂವರೆ ಲೋಟ. ಬಕೆಟ್ ಮಾತ್ರ ಪೈಪಿನ ಬಾಯಿ ಮುಳುಗುವಷ್ಟು ತುಂಬಬಾರದು.